ಓಣಿಯ ಸಹಿಗಳು, ಮೊಲೆಂ ಕಾಡು

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಯ ಕಿಟಕಿಕಟ್ಟೆ ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕಪ್ಪು. ಮರ್ಮಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲಿನ ಪುಡಿ ಅದು. ಅಲ್ಲಿಂದ ರೈಲು ಹತ್ತಿ, ಕ್ಯಾಸಲ್‌ರಾಕ್ ಘಟ್ಟವೇರಿ, ನಮ್ಮದೇ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಆ ದಾರಿಯನ್ನು ಜೋಡಿ ಹಳಿ ಮಾಡಲು ಘಟ್ಟದ ಮೊಲೆಂ ಅಭಯಾರಣ್ಯದ ಮರ ಕಡಿಯುತ್ತಾರೆಂದಾಗ ಮಗಳು ಅದನ್ನು ತಡೆಯಿರೆನ್ನುವ ಆನ್‌ಲೈನ್ ಅರ್ಜಿಯ ಲಿಂಕ್ ಕಳಿಸಿದಳು. ಹೆಸರು ಹಾಕಿ ಒತ್ತಿದೆ. ಎರಡು ನಿಮಿಷದ ಕೆಲಸ.

2020ರ ನವೆಂಬರ್ 1ರ ರಾತ್ರಿ ಅದೇ ದಾರಿಯ ಚಾಂದರ್ ಹಳ್ಳಿಯಲ್ಲಿ ಜೋಡಿ ಹಳಿ ಬೇಡವೆಂದು ಸಾವಿರಾರು ಜನ ಹಳಿಯ ಬಳಿ ಸೇರಿ ನಸುಕಿನವರೆಗೆ ಕೂತರು. ನಾನು ಹೋಗಲಿಲ್ಲ. ಆ ಸಂಕಟಕ್ಕೆ ಮುಂದಿನ ಭಾನುವಾರ ಅದೇ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಂಡು ಓಣಿ ಸುತ್ತಿದೆ.

ಮೊದಲನೆಯದು ಗದಗ ಕಡೆಯ ಲಾರಿ ಡ್ರೈವರ್ ಮನೆ. ಬಂದರಿನ ಲೋಡೇ ಅವರ ಅನ್ನ. ಹಾಳೆಯನ್ನು ಪೂರ್ತಿ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ಕಲ್ಲಿದ್ದಲು ನಿಂತ್ರ ನಮ್ಮ ಒಲಿ ಹೆಂಗ ಹತ್ತಬೇಕ್ರಿ ಅಣ್ಣಾರ?" ಮೊಬೈಲಿನಲ್ಲಿ ಸಹಿ ಹಾಕುವಾಗ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಚಹಾ ಕುಡಿದು ಸುಮ್ಮನೆ ಎದ್ದುಬಂದೆ.

ಪಕ್ಕದ ಮನೆಯ ಅಜ್ಜಿ ಎರಡು ಸಲ ಓದಿಸಿದರು. "ನನ್ನ ಹೆಸರು ದಿಲ್ಲಿ ಮುಟ್ಟತೈತೇನಪಾ?" ಮುಟ್ಟಿಸುತ್ತೇನೆ ಅಂದೆ. ಸೆರಗಿಗೆ ಬೆರಳು ಒರೆಸಿ ಹೆಬ್ಬೆಟ್ಟು ಒತ್ತಿದರು. ಸಂಜೆಗೆ 41 ಹೆಸರು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ; ಮುಟ್ಟಿದ ಚೀಟಿ ಬಂತು, ಉತ್ತರ ಬರಲಿಲ್ಲ.

ಆಮೇಲೆ ಇದರ ಬಗ್ಗೆ ಬಹಳ ಓದಿದೆ. ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನದೇ ತಾಣದಲ್ಲಿ 10,000 ಸಹಿಯಾದರೆ ಸರ್ಕಾರ ಉತ್ತರ ಕೊಡುತ್ತದೆ, ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ ಖಾಸಗಿ ತಾಣದ ಅರ್ಜಿಗೆ ಉತ್ತರಿಸಲೇಬೇಕೆಂಬ ಕಾನೂನಿಲ್ಲ. 2015ರಲ್ಲಿ ಮುಕ್ತ ಇಂಟರ್ನೆಟ್‌ಗಾಗಿ ಲಕ್ಷಾಂತರ ಇಮೇಲ್‌ಗಳು ಹೋದವಲ್ಲ, ಅವು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ತಾನೇ ಅಭಿಪ್ರಾಯ ಕೇಳಿದ್ದಾಗ ಹೋದವು. 2016ರ ಫೆಬ್ರುವರಿಯಲ್ಲಿ ಅವರ ಪರವಾಗಿ ಆದೇಶ ಬಂತು. ಕೇಳುವ ಕಿವಿ ಇರುವಲ್ಲಿಗೆ, ಕೇಳುವ ಹೊತ್ತಿಗೆ ಮುಟ್ಟಿದ ಸಹಿಗೆ ಬಲ ಬರುತ್ತದೆ. ನಾನಂತೂ ಹಾಗೆ ನಂಬಿದ್ದೇನೆ.

ಮೊಲೆಂ ವಿಷಯವೂ ತೀರ್ಮಾನವಾದದ್ದು ಕೋರ್ಟಿನಲ್ಲಿ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ 2021ರಲ್ಲಿ ಜೋಡಿ ಹಳಿಗೆ ಸಮರ್ಥನೆ ಕಾಣುತ್ತಿಲ್ಲವೆಂದಿತು. 2022ರ ಮೇ 9ರಂದು ಕೋರ್ಟ್ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ಹೊಸದಾಗಿ ಅಧ್ಯಯನ ಮಾಡಿ ಮತ್ತೆ ಕೇಳುವ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಸುದ್ದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ: "ಧೂಳು ನಿಂತೇನು?" ಹಳೇ ಹಳಿಯ ಮೇಲೆ ಕಲ್ಲಿದ್ದಲು ಈಗಲೂ ಹೋಗುತ್ತಿದೆ ಎಂದೆ.

ಧೂಳಿನ ಬಗ್ಗೆಯೇ ಈಗ ಇನ್ನೊಂದು ಅರ್ಜಿ ಬರೆಯುತ್ತಿದ್ದೇವೆ. ಡ್ರೈವರ್ ಜೊತೆಗೆ ಕೂತಿದ್ದಾರೆ. ಮೊದಲ ಸಾಲು ಅವರ ಒಲೆಯ ಪ್ರಶ್ನೆ.