ಜಾಝ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ?

"ಜಾಝ್ ಕೇಳಬೇಕು ಅಂತ ಆಸೆ ಇದೆ. ಆದರೆ ತಲೆಬುಡ ಗೊತ್ತಾಗಲ್ಲ. ಎಲ್ಲಿಂದ ಶುರು ಮಾಡಲಿ?" ನನಗೆ ಈ ಸಂಗೀತದ ಹುಚ್ಚು ಇದೆ ಅಂತ ತಿಳಿದವರೆಲ್ಲ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಯಾವಾಗಲೂ ಒಂದೇ: 'ಜಾಸ್ಮಿನ್' ಅನ್ನುವ ಆಲ್ಬಂ. ಕೀತ್ ಜ್ಯಾರೆಟ್ ಪಿಯಾನೋ, ಚಾರ್ಲಿ ಹೇಡನ್ ಡಬಲ್ ಬೇಸ್ (ಆಳೆತ್ತರದ, ತಗ್ಗಿನ ಸದ್ದಿನ ತಂತಿವಾದ್ಯ). ಇಬ್ಬರೇ. ಡ್ರಮ್ಸ್ ಇಲ್ಲ, ಟ್ರಂಪೆಟ್ ಇಲ್ಲ, ಸ್ಯಾಕ್ಸೋಫೋನ್ ಇಲ್ಲ. 2007ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಜ್ಯಾರೆಟ್ ಮನೆಯ ಸ್ಟುಡಿಯೋದಲ್ಲೇ ರೆಕಾರ್ಡ್ ಆಯಿತು. 2010ರಲ್ಲಿ ಇಸಿಎಂ ಕಂಪನಿ ಹೊರತಂದಿತು.

ಹೊಸಬರಿಗೆ ಸಾಮಾನ್ಯವಾಗಿ ಎಲ್ಲರೂ ಹೇಳುವುದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959ರದ್ದು. ಅದು ದೊಡ್ಡ ಆಲ್ಬಂ, ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಟ್ರಂಪೆಟ್, ಎರಡು ಸ್ಯಾಕ್ಸೋಫೋನ್, ಜೊತೆಗೆ ಪಿಯಾನೋ, ಬೇಸ್, ಡ್ರಮ್ಸ್ ಇವೆ. ಕಿವಿ ಇನ್ನೂ ಪಳಗಿಲ್ಲದವರು ಊದುವ ವಾದ್ಯದ ಹಿಂದೆಯೇ ಹೋಗುತ್ತಾರೆ. ಬೇಸ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ, ಬೇಸ್ ಯಾವಾಗ ಕಿವಿಗೆ ಬೀಳುತ್ತದೋ ಆಗಲೇ ಜಾಝ್ ಒಳಗೆ ಕಾಲಿಟ್ಟ ಹಾಗೆ. ಇಬ್ಬರೇ ಇರುವ ಕಡೆ ಬೇಸ್ ತಪ್ಪಿಸಿಕೊಳ್ಳುವುದಕ್ಕೆ ಜಾಗ ಇಲ್ಲ, ಅಲ್ವಾ?

ದಯವಿಟ್ಟು ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಆಳದ ಸದ್ದನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗಿಲ್ಲ. "ಕೇಳಿದೆ, ಬರೀ ಪಿಯಾನೋ ಇದೆ" ಅನ್ನುವವರನ್ನು ವಿಚಾರಿಸಿದರೆ ಹೆಚ್ಚಿನ ಸಲ ಕಾರಣ ಇದೇ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಈಗ ಆಲ್ಬಮ್ಮಿನಲ್ಲಿ 'ಬಾಡಿ ಅಂಡ್ ಸೋಲ್' ಹಾಕಿಕೊಳ್ಳಿ. 1930ರ ಹಾಡು, ಜಾನಿ ಗ್ರೀನ್ ರಾಗ ಹಾಕಿದ್ದು (ರಾಗ ಅಂದರೆ ಇಲ್ಲಿ ಹಾಡಿನ ಧಾಟಿ). ಜಾಝ್‌ನವರು ಇದನ್ನು ನುಡಿಸಿದಷ್ಟು ಬೇರೆ ಹಾಡುಗಳನ್ನು ನುಡಿಸಿರುವುದು ಕಡಿಮೆ. ಇದರ ರಚನೆ ತಿಳಿದರೆ ಇಂಥ ನೂರಾರು ಹಾಡುಗಳ ರಚನೆ ತಿಳಿದ ಹಾಗೆ. ಎಂಟು ಬಾರ್‌ಗಳ ಒಂದು ಸಾಲು (ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಗುಂಪು). ಅದೇ ಸಾಲು ಮತ್ತೊಮ್ಮೆ. ಆಮೇಲೆ ಎಂಟು ಬಾರ್ ಬೇರೆಯದೇ ರಾಗ, ಇದಕ್ಕೆ ಬ್ರಿಜ್ ಅಂತಾರೆ. ಕೊನೆಗೆ ಮೊದಲ ಸಾಲು ಪುನಃ. ಒಟ್ಟು 32 ಬಾರ್. ಈ ಹಾಡಿನ ಬ್ರಿಜ್‌ನಲ್ಲಿ ಶ್ರುತಿಯೇ ಅರ್ಧ ಸ್ವರದಷ್ಟು ಮೇಲೇರುತ್ತದೆ. ಸಿದ್ಧಾಂತ ಗೊತ್ತಿಲ್ಲದಿದ್ದರೂ ಅಲ್ಲಿ ಬೆಳಕು ಬದಲಾಯಿಸಿದ್ದು ತಿಳಿಯುತ್ತದೆ.

ನಮ್ಮಲ್ಲಿ ತಾಳದ ಆವರ್ತ ತಿರುಗಿ ತಿರುಗಿ ಬರುತ್ತದಲ್ಲ, ಇಲ್ಲಿ ಇಡೀ ಹಾಡೇ ಒಂದು ಆವರ್ತ. ಮೊದಲ ಸುತ್ತಿನಲ್ಲಿ ಹಾಡಿನ ರಾಗ ಕೇಳಿಸುತ್ತದೆ. ಮುಂದಿನ ಸುತ್ತುಗಳಲ್ಲಿ ರಾಗ ಮರೆಯಾಗುತ್ತದೆ, ಆ 32 ಬಾರ್‌ಗಳ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು, ಮಾತ್ರ ಅದೇ ಕ್ರಮದಲ್ಲಿ ಸುತ್ತುತ್ತಿರುತ್ತವೆ. ಅವುಗಳ ಮೇಲೆ ಪಿಯಾನೋ ಹೊಸ ರಾಗಗಳನ್ನು ಆ ಕ್ಷಣದಲ್ಲೇ ಕಟ್ಟುತ್ತದೆ. "ಏನೂ ಅರ್ಥ ಆಗಲ್ಲ" ಅಂತ ಜನ ಸೋಲುವುದು ಇಲ್ಲೇ. ಹಾಡು ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ಹಾಡು ಬೇಸ್‌ನಲ್ಲಿದೆ. ಕಾರ್ಡ್ ಬದಲಾಯಿಸಿದಾಗೆಲ್ಲ ಅದರ ತಳದ ಸ್ವರವನ್ನು ಸಾಮಾನ್ಯವಾಗಿ ಹೇಡನ್ ಮೀಟುತ್ತಾರೆ. ಆ ಸ್ವರಗಳ ಜೊತೆ ಮೂಲ ರಾಗವನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ. ಬ್ರಿಜ್ ಬರುವ ಹೊತ್ತಿಗೆ ಸರಿಯಾಗಿ ಬ್ರಿಜ್ ಬಂದೇ ಬರುತ್ತದೆ. ಒಮ್ಮೆ ಇದು ಸಿಕ್ಕಿತು ಅಂದರೆ ಜಾಝ್ ಗೊಂದಲ ಅನ್ನಿಸುವುದೇ ಇಲ್ಲ.

ಹೇಡನ್‌ರನ್ನೇ ನಾನು ಮುಂದಿಡುವುದಕ್ಕೆ ಇನ್ನೂ ಒಂದು ಕಾರಣ ಇದೆ. ಅವರು ಸ್ವರಗಳನ್ನು ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ. ಕೈಚಳಕ ತೋರಿಸುವ ಬೇಸ್ ವಾದಕರು ಬೇಕಾದಷ್ಟು ಜನ ಇದ್ದಾರೆ. ಹೇಡನ್ ಒಂದು ಸ್ವರ ಮೀಟಿ ಅದು ಪೂರ್ತಿ ಅರಳುವವರೆಗೆ ಕಾಯುತ್ತಾರೆ. ಕರುಳಿನ ತಂತಿ ಬಳಸುತ್ತಿದ್ದದ್ದರಿಂದ ಆ ನಾದಕ್ಕೆ ಒಂದು ಬೆಚ್ಚನೆಯ ಗುಣ ಇದೆ. ಅಯೋವಾ ರಾಜ್ಯದ ಶೆನಾಂಡೋವಾ ಎಂಬಲ್ಲಿ 1937ರಲ್ಲಿ ಹುಟ್ಟಿದವರು. ಮನೆಯವರೆಲ್ಲ ಸೇರಿ ರೇಡಿಯೋದಲ್ಲಿ ಹಳ್ಳಿ ಹಾಡು ಹಾಡುತ್ತಿದ್ದ ಕುಟುಂಬ ಅದು. ಮಾತು ಕಲಿಯುವ ವಯಸ್ಸಿಗೇ ಅವರೂ ಹಾಡತೊಡಗಿದರು. 15ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಗಂಟಲಿಗೆ ಹೊಡೆತ ಬಿತ್ತು, ಹಾಡು ನಿಂತಿತು. ಆಮೇಲೆ ಅವರ ಹಾಡೆಲ್ಲ ಬೆರಳಿಗೆ ಬಂತು ಅಂತ ನಾನು ನಂಬಿದ್ದೇನೆ. ಅವರ ಸೋಲೋಗಳನ್ನು (ಬೇಸ್ ಮುಂದೆ ಬಂದು ನುಡಿಸುವ ಭಾಗಗಳನ್ನು) ಯಾರು ಬೇಕಾದರೂ ಬಾಯಲ್ಲಿ ಹಾಡಬಹುದು. ಕೇಳಿ ನೋಡಿ.

ಜ್ಯಾರೆಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಹೆಸರು ಮೊದಲೇ ದೊಡ್ಡದು. ಈ ಇಬ್ಬರೂ 1976ರವರೆಗೆ ಜ್ಯಾರೆಟ್ ತಂಡದಲ್ಲಿ ಜೊತೆಗಿದ್ದವರು. ಆಮೇಲೆ 30 ವರ್ಷ ಒಟ್ಟಿಗೆ ರೆಕಾರ್ಡ್ ಮಾಡಲಿಲ್ಲ. ಹೇಡನ್ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುವಾಗ ಮತ್ತೆ ಸೇರಿದರು, ಸ್ವಲ್ಪ ನುಡಿಸಿದರು, ಅದರಿಂದ ಈ ಆಲ್ಬಂ ಹುಟ್ಟಿತು. ಹಳೆಯ ಪ್ರೇಮಗೀತೆಗಳನ್ನು ಅವಸರವಿಲ್ಲದೆ ನುಡಿಸುತ್ತಾರೆ. ತಾಳ ಹಿಡಿಯಲು ಡ್ರಮ್ಮರ್ ಇಲ್ಲ. ಇಬ್ಬರ ಒಳಗೂ ಕಾಲ ಓಡುತ್ತಿದೆ, ಹಾಗಾಗಿ ಒಬ್ಬರು ಸುಮ್ಮನಾದರೂ ಲಯ ಕುಸಿಯುವುದಿಲ್ಲ. ಪಿಯಾನೋ ಜೊತೆ ಆಗಾಗ ಒಂದು ಗುನುಗು ಕೇಳಿಸಿದರೆ ಗಾಬರಿಯಾಗಬೇಡಿ. ಅದು ಜ್ಯಾರೆಟ್ ಅಭ್ಯಾಸ. ಕೆಲವರಿಗೆ ಕಿರಿಕಿರಿ, ನನಗೆ ಇಷ್ಟ.

ಅದೇ ದಿನಗಳ ಉಳಿದ ಹಾಡುಗಳು 2014ರ ಜೂನ್‌ನಲ್ಲಿ 'ಲಾಸ್ಟ್ ಡಾನ್ಸ್' ಅಂತ ಬಂದವು. ಜುಲೈನಲ್ಲಿ ಹೇಡನ್ ತೀರಿಕೊಂಡರು. 2018ರಲ್ಲಿ ಎರಡು ಸಲ ಪಾರ್ಶ್ವವಾಯು ಆಗಿ ಜ್ಯಾರೆಟ್ ಎಡಗೈ ಸ್ವಾಧೀನ ತಪ್ಪಿತು. ಇವರಿಬ್ಬರದು ಅಂತ ಇರುವ ಜೋಡಿ ಆಲ್ಬಂ ಈ ಎರಡೇ.

'ಜಾಸ್ಮಿನ್' ಹಿಡಿಸಿದರೆ ಪಿಯಾನೋ ವಾದಕ ಹ್ಯಾಂಕ್ ಜೋನ್ಸ್ ಜೊತೆ ಹೇಡನ್ ಮಾಡಿದ 1995ರ 'ಸ್ಟೀಲ್ ಅವೇ' ಕೇಳಿ. ಚರ್ಚಿನ ಗೀತೆಗಳು, ಜನಪದ ಗೀತೆಗಳು ಮಾತ್ರ ಅದರಲ್ಲಿ. ಆಮೇಲೆ ಪಿಯಾನೋದ ಬಿಲ್ ಇವಾನ್ಸ್ ಮತ್ತು ಬೇಸ್‌ನ ಎಡ್ಡಿ ಗೋಮೆಜ್ 1974ರಲ್ಲಿ ರೆಕಾರ್ಡ್ ಮಾಡಿದ 'ಇಂಟ್ಯೂಷನ್'. ಗೋಮೆಜ್ ಹೇಡನ್‌ಗೆ ಪೂರ್ತಿ ಎದುರು: ಮೇಲಿನ ಸ್ವರಗಳಲ್ಲಿ ಓಡಾಡುವ, ಪಿಯಾನೋ ಜೊತೆ ವಾದಕ್ಕಿಳಿಯುವ ಬೇಸ್.

ಕೊನೆಗೆ 1940ಕ್ಕೆ ಹೋಗಿ. ಡ್ಯೂಕ್ ಎಲಿಂಗ್ಟನ್ ಪಿಯಾನೋ, ಜಿಮ್ಮಿ ಬ್ಲಾಂಟನ್ ಬೇಸ್. ಅಲ್ಲಿಯವರೆಗೆ ಬೇಸ್ ಅಂದರೆ ಹಿಂದೆ ನಿಂತು ತಾಳ ಕಾಯುವ ಕೆಲಸವೇ ಹೆಚ್ಚು. ಎಲಿಂಗ್ಟನ್ ಈ ಹುಡುಗನನ್ನು ಮುಂದೆ ನಿಲ್ಲಿಸಿ ತಾನು ಜೊತೆ ನುಡಿಸಿದರು. ಅವರೂ 'ಬಾಡಿ ಅಂಡ್ ಸೋಲ್' ನುಡಿಸಿದ್ದಾರೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆಗಿನ ಗ್ರಾಮೊಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲೇ ಮುಗಿಸಬೇಕು. ಬ್ಲಾಂಟನ್ 1942ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ವಯಸ್ಸು 23. ಹೇಡನ್ ಕೇಳಿ ಪಳಗಿದ ಕಿವಿಯಿಂದ ಆ ಮೂರು ನಿಮಿಷ ಕೇಳಿ. ರೆಕಾರ್ಡಿನ ಕರಕರ ಸದ್ದಿನ ನಡುವೆಯೂ ಬೇಸ್ ಸಿಕ್ಕೇ ಸಿಗುತ್ತದೆ.