ಒಂದೇ ಜೀನ್ ಸಾಕಾಗ್ಲಿಲ್ಲ
ಇವತ್ತು ಕ್ಲಾಸಲ್ಲಿ ಒಬ್ಳು ಕೇಳಿದ್ಲು, "ಮೇಡಂ, ಒಂದು ಜೀನ್ ಕೆಟ್ರೆ ಕ್ಯಾನ್ಸರ್ ಬಂದೇಬಿಡುತ್ತಾ?"

ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಲ್ಯಾಬಲ್ಲಿ 1983ರಲ್ಲಿ ನಡೆದ ಪ್ರಯೋಗ ಹೇಳ್ದೆ. ಇಲಿ ಭ್ರೂಣದ ಕೋಶಗಳಿಗೆ ಕೆಟ್ಟು ಕ್ಯಾನ್ಸರ್ ಕಡೆ ತಳ್ಳೋ ರಾಸ್ ಅನ್ನೋ ಜೀನ್ ಒಂದೇ ಹಾಕಿದ್ರೆ ಪೂರ್ತಿ ಕ್ಯಾನ್ಸರ್ ಕೋಶ ಆಗ್ಲಿಲ್ಲ, ಅಂಥದ್ದೇ ಇನ್ನೊಂದು ಜೀನ್ ಮಿಕ್ ಒಂದೇ ಹಾಕಿದ್ರೂ ಆಗ್ಲಿಲ್ಲ, ಎರಡೂ ಸೇರಿದಾಗ್ಲೇ ಆಗಿದ್ದು.

ಕೋಶ ಕೆಟ್ಟಿದ್ದು ಕಾಣೋದು ಹೀಗೆ: ಮಾಮೂಲಿ ಕೋಶಗಳು ಲ್ಯಾಬಿನ ತಟ್ಟೇಲಿ ಬೆಳೀತಾ ಬೆಳೀತಾ ಪಕ್ಕದ್ದು ತಾಗಿದ್ರೆ ಸಾಕು, ಅಲ್ಲಿಗೇ ನಿಂತ್ಬಿಡುತ್ವೆ, ಒಂದೇ ಪದರ, ನೀಟಾಗಿ. ಕೆಟ್ಟ ಮೇಲೆ ಆ ಸ್ಪರ್ಶಾನೇ ಗೊತ್ತಾಗಲ್ಲ, ಒಂದರ ಮೇಲೊಂದು ಹತ್ಕೊಂಡು ಗುಡ್ಡೆ ಆಗ್ತಾವೆ.

ಒಂದು ತಪ್ಪಿಗೇ ಸೋಲಲ್ವಲ್ಲ ಕೋಶ, ನಂಗದು ಯಾವಾಗ್ಲೂ ದೊಡ್ಡ ಸಮಾಧಾನ.

ಅವ್ಳು ನೋಟ್ಸ್ ಬರ್ಕೊಳ್ಳೇ ಇಲ್ಲ. ಆಮೇಲೆ ಹೇಳಿದ್ಲು, ಅಜ್ಜಿಗೆ ಕೀಮೋ ನಡೀತಿದೆಯಂತೆ.