ಜಾಗ ತೋರಸ್ರಿ

ಕಳೆದ ಶನಿವಾರ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಲ್ಲಿ ನಾನು ನಕ್ಕ ಒಂದು ಸಣ್ಣ ನಗು ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ.

ಅಣ್ಣ ಲಕ್ಷ್ಮೇಶ್ವರದ ಹತ್ತಿರದ ನಮ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ 40,000 ರೂಪಾಯಿಯನ್ನು ಮಗಳ ಲ್ಯಾಪ್‌ಟಾಪಿಗೆಂದು ತೆಗೆದಿರಿಸಿದ್ದ. ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವ ಅವಳು ಮೊದಲ ಸೆಮಿಸ್ಟರನ್ನು ಹಾಸ್ಟೆಲಿನ ಗೆಳತಿಯ ಲ್ಯಾಪ್‌ಟಾಪನ್ನು ಬೇಡಿ ಬೇಡಿಯೇ ಮುಗಿಸಿದ್ದಳು. ಧಾರವಾಡದ ಕಚೇರಿಯೊಂದರಲ್ಲಿ ಇಡೀ ದಿನ ಕಂಪ್ಯೂಟರಿನ ಮುಂದೆ ಕೂರುತ್ತೇನೆಂಬ ಒಂದೇ ಕಾರಣಕ್ಕೆ ನಮ್ಮ ಮನೆತನದಲ್ಲಿ ಈ ವಿಷಯ ತಿಳಿದವನೆಂಬ ಪಟ್ಟ ನನಗಿದೆ. ನಿಜ ಹೇಳಬೇಕೆಂದರೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಪತ್ರ ಟೈಪು ಮಾಡುವುದು ಮತ್ತು ಎಕ್ಸೆಲ್‌ನಲ್ಲಿ ಕೂಡಿಸುವುದು ಬಿಟ್ಟರೆ ಆ ಪೆಟ್ಟಿಗೆಯೊಳಗೆ ಏನಿದೆಯೆಂದು ನಾನೂ ಎಂದೂ ನೋಡಿದವನಲ್ಲ.

ಅಂಗಡಿಯ ಹುಡುಗ ತೋರಿಸಿದ್ದು ಬೆಳ್ಳಿ ಬಣ್ಣದ, ಹೋಳಿಗೆಯಷ್ಟು ತೆಳ್ಳನೆಯ ಲ್ಯಾಪ್‌ಟಾಪ್. ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ, ಅಂದರೆ ರ‍್ಯಾಮ್, 8 ಜಿಬಿ; ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿ 512 ಜಿಬಿ; ಬೆಲೆ 42,000. ಅದರ ಜೊತೆಗೆ ಬ್ಯಾಗು, ಮೌಸು, ಒಂದು ವರ್ಷದ ಆಂಟಿವೈರಸ್. ಬಿಟ್ಟಿ ಬ್ಯಾಗಿನ ಬೆಲೆಯನ್ನು ಯಾರು ಕೊಡುತ್ತಾರೆಂಬುದು ಕೊಳ್ಳುವವರಿಗೆ ಗೊತ್ತಿದ್ದರೂ ಬ್ಯಾಗು ಕೈಗೆ ಬಂದಾಗ ಎಲ್ಲರಿಗೂ ಖುಷಿಯಾಗುತ್ತದೆ, ನನಗೂ ಆಯಿತು. ಮುಂದಿನ ವರ್ಷಗಳಿಗೆ 16 ಜಿಬಿ ಮೆಮೊರಿ ಬೇಕಾಗುತ್ತದೆಂದು ಸೀನಿಯರುಗಳು ಹೇಳಿದ್ದನ್ನು ಮಗಳು ಪ್ರಸ್ತಾಪಿಸಿದಾಗ ಆ ಹುಡುಗ, "ಮುಂದ ಬೇಕಾದಾಗ ಹಾಕಿಸಿಕೋಬಹುದ್ರಿ ಮೇಡಂ, ಚಿಂತಿ ಮಾಡಬ್ಯಾಡ್ರಿ" ಎಂದ.

ಅಷ್ಟು ಹೊತ್ತು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಣ್ಣ ಎದ್ದು ಬಂದು, ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಬೆರಳಾಡಿಸಿ ಕೇಳಿದ: "ಎಲ್ಲಿ ಹಾಕ್ತೀರಿ? ಜಾಗ ತೋರಸ್ರಿ."

ಹುಡುಗ ಅಣ್ಣನ ಕಡೆಗೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಯಜಮಾನ್ರಿಗೆ ಇದು ತಿಳಿಯಂಗಿಲ್ರಿ ಸರ್, ನೀವ ಸ್ವಲ್ಪ ಹೇಳ್ರಿ" ಎಂದು ಮುಗುಳ್ನಕ್ಕ. ನಾನೂ ನಕ್ಕೆ.

ಅಷ್ಟರಲ್ಲಿ ಮಗಳು ಮೊಬೈಲಿನಲ್ಲಿ ಆ ಮಾಡೆಲ್ ನಂಬರನ್ನು ಹಾಕಿ ತಯಾರಕರದೇ ಪುಟವನ್ನು ತೆರೆದಿದ್ದಳು. ಮೆಮೊರಿಯನ್ನು ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೇ ಬೆಸುಗೆ ಹಾಕಲಾಗಿದೆ, ಹೆಚ್ಚಿಸಲು ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಬಳಸುವ ಎಲ್‌ಪಿಡಿಡಿಆರ್ ಎಂಬ ಬಗೆಯ ಮೆಮೊರಿ ಬ್ಯಾಟರಿಯನ್ನು ಉಳಿಸುತ್ತದೆ, ದಪ್ಪವನ್ನೂ ಉಳಿಸುತ್ತದೆ, ಆದರೆ ಸಾಮಾನ್ಯವಾಗಿ ಅದು ಹುಟ್ಟಿದ ಬೋರ್ಡಿನಲ್ಲೇ ಸಾಯಬೇಕು. ಅಣ್ಣ ಕೇಳಿದ ಜಾಗ ಅದರಲ್ಲಿ ಇರಲೇ ಇಲ್ಲ. ಆ ಹುಡುಗ ಬೇಕೆಂದೇ ಸುಳ್ಳು ಹೇಳಿದನೆಂದು ನನಗೆ ಅನ್ನಿಸುವುದಿಲ್ಲ. ಯಾರೋ ಅವನಿಗೆ ಹೇಳಿಕೊಟ್ಟಿದ್ದನ್ನು ಅವನು ಒಪ್ಪಿಸಿದ. ತಿಳಿಯದೆ ಹೇಳಿದ್ದು ಅವನು, ತಿಳಿಯದೆ ನಕ್ಕಿದ್ದು ನಾನು, ತಿಳಿಯುವುದಿಲ್ಲವೆನ್ನಿಸಿಕೊಂಡದ್ದು ಮಾತ್ರ ಅಣ್ಣ.

ಹಾವೇರಿಯ ಜಾನುವಾರು ಸಂತೆಗೆ ಅಣ್ಣನ ಜೊತೆ ನಾನು ಹಲವು ಸಲ ಹೋಗಿದ್ದೇನೆ. ಎತ್ತಿನ ತುಟಿಯನ್ನು ಎತ್ತಿ ಹಲ್ಲೆಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ಗೊರಸನ್ನು ಕೈಯಲ್ಲಿ ಹಿಡಿದು ನೋಡದೆ ಅವನು ಬೆಲೆಯ ಮಾತನ್ನೇ ಆಡುವುದಿಲ್ಲ, ಅದಕ್ಕಾಗಿ ಅಲ್ಲಿ ಯಾರೂ ಅವನನ್ನು ನೋಡಿ ನಗುವುದಿಲ್ಲ. ಗಾಜಿನ ಬಾಗಿಲು, ಎಸಿಯ ತಂಪು, ಇಂಗ್ಲಿಷ್ ಬೆರೆತ ಮಾತು ಇರುವ ಕಡೆ ಅದೇ ಪ್ರಶ್ನೆ ಹೇಗೆ ದಡ್ಡತನವಾಗುತ್ತದೆ? ಮೂವತ್ತು ವರ್ಷದಿಂದ ಪೇಟೆಯಲ್ಲಿರುವ ನಾನು ಇಂಥ ಅಂಗಡಿಗಳಲ್ಲಿ ಪ್ರಶ್ನೆ ಕೇಳದಿರುವುದನ್ನೇ ತಿಳಿವಳಿಕೆಯೆಂದು ಭಾವಿಸಿಕೊಂಡಿದ್ದೆ. ಫ್ರಿಜ್ಜು, ಟಿವಿ, ಮಕ್ಕಳ ಶಾಲೆಯ ಫೀ, ಆಸ್ಪತ್ರೆಯ ಬಿಲ್ಲು, ಯಾವುದನ್ನೂ ನಾನು ಬೋರಲು ಹಾಕಿ ನೋಡಿದವನಲ್ಲ.

ಮಧ್ಯಾಹ್ನ ಮಗಳೇ ನಮ್ಮನ್ನು ಹಳೆಯ ಲ್ಯಾಪ್‌ಟಾಪುಗಳನ್ನು ರಿಪೇರಿ ಮಾಡಿ ಮಾರುವ ಒಂದು ಸಣ್ಣ ಅಂಗಡಿಗೆ ಕರೆದೊಯ್ದಳು. ಅಲ್ಲಿದ್ದದ್ದು ಕಂಪನಿಗಳಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡ್ ಟಿ480. ಕಪ್ಪಗೆ, ದಪ್ಪಗೆ, ನೋಡಲು ನಮ್ಮ ಕಚೇರಿಯ ಕಡತದಂತಿತ್ತು. 2018ರ ಮಾಡೆಲ್ ಆದರೂ ಒಳಗಿರುವುದು ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ 8 ಎಂಬ ಅಂಕಿಗೆ ಬೆಲೆ ಬಂದಿದೆ, ಏಕೆಂದರೆ ಇಂಟೆಲ್‌ನಲ್ಲಿ 7ನೇ ತಲೆಮಾರಿನ ಬಹುತೇಕ ಪ್ರೊಸೆಸರುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಇದನ್ನೆಲ್ಲ ಹೇಳಿದ್ದು ಮಗಳು, ತಲೆಯಾಡಿಸಿದ್ದು ನಾನು.

ಅಣ್ಣ ಅಲ್ಲಿಯೂ ಅದನ್ನೇ ಕೇಳಿದ. ಮೆಕ್ಯಾನಿಕ್ ಮಾತಾಡದೆ ಸ್ಕ್ರೂಡ್ರೈವರ್ ಎತ್ತಿಕೊಂಡ. ಸ್ಕ್ರೂಗಳನ್ನು ಸಡಿಲಿಸಿದರೂ ಅವು ಕೆಳಗೆ ಬೀಳದೆ ಮುಚ್ಚಳದಲ್ಲೇ ನಿಂತಿದ್ದನ್ನು ಕಂಡು ಅಣ್ಣ, "ಶಾಣ್ಯಾ ಅದಾನ ಮಾಡಿದಾಂವ" ಎಂದ. ಅಂಚಿನೊಳಗೆ ಹಳೆಯ ಎಟಿಎಂ ಕಾರ್ಡೊಂದನ್ನು ತೂರಿಸಿ ಮೆಲ್ಲಗೆ ಎಬ್ಬಿದಾಗ ಮುಚ್ಚಳ ಟಕ್ ಟಕ್ ಎನ್ನುತ್ತ ಬಿಚ್ಚಿಕೊಂಡಿತು. ಒಳಗೆ ಅಕ್ಕಪಕ್ಕದಲ್ಲಿ ಎರಡು ಗೂಡುಗಳು: ಒಂದರಲ್ಲಿ 8 ಜಿಬಿ ಮೆಮೊರಿಯ ಹಸಿರು ಪಟ್ಟಿ ಮಲಗಿತ್ತು, ಇನ್ನೊಂದು ಖಾಲಿಯಿತ್ತು. "ಇಲ್ಲಿ ನೋಡ್ರಿ ಯಜಮಾನ್ರ, ಮುಂದ ಇಲ್ಲಿ ಹಾಕಿಸಿಕೋಬಹುದು. ಡಿಡಿಆರ್4 ಮೆಮೊರಿನ ತರ್ರಿ, ಡಿಡಿಆರ್5 ತಂದ್ರ ಕಚ್ಚು ಕೂಡಂಗಿಲ್ಲ" ಎಂದ. ಬೆಳಗಿನ ಮಾತೇ. ಅಣ್ಣ ಖಾಲಿ ಗೂಡನ್ನು ಬಗ್ಗಿ ಬಹಳ ಹೊತ್ತು ನೋಡಿದ.

ಮಗಳು ಬ್ಯಾಟರಿಯ ವರದಿಯನ್ನು ತೆಗೆಸಿ, 24 ವ್ಯಾಟ್-ಅವರ್ ಇರಬೇಕಾದ ಒಳಗಿನ ಬ್ಯಾಟರಿ 17ಕ್ಕೆ ಇಳಿದಿರುವುದನ್ನು ತೋರಿಸಿ 1,000 ರೂಪಾಯಿ ಇಳಿಸಿದಳು. ಇದೇ ಮಾಡೆಲ್ಲಿನ ಕೆಲವು ಲ್ಯಾಪ್‌ಟಾಪುಗಳಿಗೆ ಕಡಿಮೆ ಸ್ಪಷ್ಟತೆಯ ಪರದೆ ಇರುತ್ತದೆಂದು ಹೇಳಿ, 1920ಕ್ಕೆ 1080 ಚುಕ್ಕಿಗಳದ್ದೇ ಬೇಕೆಂದು ಇನ್ನೊಂದನ್ನು ಬದಲಿಸಿಕೊಂಡಳು. ಅದರ ಹೊಟ್ಟೆಯನ್ನೂ ಬಿಚ್ಚಿಸಿ, ಬ್ಯಾಟರಿಯನ್ನೂ ನೋಡಿದ ಮೇಲೆ 19,500ಕ್ಕೆ ವ್ಯಾಪಾರ ಮುಗಿಯಿತು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ಮೆಮೊರಿಯ ಬೆಲೆ ದುಪ್ಪಟ್ಟು ದಾಟಿರುವುದರಿಂದ ಎರಡನೇ ಗೂಡು ಸದ್ಯಕ್ಕೆ ಖಾಲಿಯೇ ಇರಲಿ, ಇಳಿದಾಗ ನೋಡೋಣವೆಂದು ಅವಳು ತೀರ್ಮಾನಿಸಿದಳು. ಉಳಿದ ದುಡ್ಡನ್ನು ಅಣ್ಣ ಒಳಜೇಬಿನಲ್ಲಿಟ್ಟು ಪಿನ್ನು ಹಾಕಿಕೊಂಡ.

ಸಂಜೆ ಮಗಳನ್ನು ಹಾಸ್ಟೆಲಿಗೆ ಬಿಟ್ಟು, ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ತಿಂದು ಲಕ್ಷ್ಮೇಶ್ವರದ ಬಸ್ಸಿಗಾಗಿ ನಿಂತಿದ್ದೆವು. ಅಣ್ಣ ಕೈಯೊರೆಸಿಕೊಳ್ಳುತ್ತ, ಸಿಟ್ಟಿಲ್ಲದೆ, ಮಳೆಯ ಬಗ್ಗೆ ಕೇಳುವ ದನಿಯಲ್ಲೇ, "ಮುಂಜಾನೆ ಆ ಅಂಗಡ್ಯಾಗ ನೀ ಯಾಕ ನಕ್ಕಿ?" ಎಂದ.

ಬಸ್ಸು ಬಂತು. ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯಲು ನಾನು ಓಡಿದೆ.